ತಾಯಿಕಾಂಡ ಹೋದರೆ ಆಲ ಹೋದಂತೆಯೇ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಊರ ಮುಂದಿನ ಆಲದ ಮರಕ್ಕೆ ಐನೂರು ವರ್ಷ ಎನ್ನುತ್ತಾರೆ ಹಿರಿಯರು. ಎದೆಮಟ್ಟದಲ್ಲಿ ಹಗ್ಗ ಸುತ್ತಿ ಅಳೆದರೆ ಬುಡದ ಸುತ್ತಳತೆ 11 ಮೀಟರ್. ಒಳಗೆ ಪೊಟರೆ, ಹತ್ತು ವರ್ಷದ ಹುಡುಗ ನಿಲ್ಲುವಷ್ಟು. ಮೂರು ವರ್ಷದ ಹಿಂದೆ ಹಳೆಯ ಕಲ್ಲುಕಟ್ಟೆ ತೆಗೆದು, ಎರಡೂವರೆ ಅಡಿ ಮಣ್ಣು ತುಂಬಿ, ಕಾಂಕ್ರೀಟ್ ಸುರಿದು ಟೈಲ್ಸ್ ಹಾಕಿಸಿದರು. ಕಳೆದ ವರ್ಷದಿಂದ ಪೂರ್ವದ ಕಡೆ ಎಲೆ ತೆಳುವಾಗಿದೆ. ಬುಡದಲ್ಲಿ ತಟ್ಟೆಯಂಥ ಕಂದು ಅಣಬೆ ಎದ್ದಿದೆ, ತೊಗಟೆಯ ಮೇಲೆ ಗೆದ್ದಲು ಮಣ್ಣು ಹತ್ತಿದೆ. ನೆಲ ಮುಟ್ಟಿದ ಬಿಳಲು ಐದೇ ಐದು. ಉಳಿದವನ್ನು ಬಸ್ಸಿಗೆ ತಗಲುತ್ತವೆಂದು ಕತ್ತರಿಸುತ್ತಾರೆ. ಕೆಳಗೇ ಬಸ್ ನಿಲ್ಲುತ್ತದೆ, ಪಕ್ಕದಲ್ಲಿ ಅಂಗನವಾಡಿ. ಕೆಲವರು ಕಡಿಸೋಣ ಅಂತಾರೆ, ಒಬ್ಬ ಗುತ್ತಿಗೆದಾರರು ಪೊಟರೆಗೆ ಸಿಮೆಂಟ್ ತುಂಬಿಕೊಡುತ್ತೇನೆ ಅಂತಾರೆ, ಇನ್ನು ಕೆಲವರು ತೆಲಂಗಾಣದ ಮರಕ್ಕೆ ಕೊಟ್ಟ ಹಾಗೆ ಡ್ರಿಪ್ ಕೊಡಿಸೋಣ ಅಂತಾರೆ. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡಿಬಂದೆ. ಅಲ್ಲಿ ಮೂಲ ಬುಡವೇ ಇಲ್ಲ! ಹಾಗಿದ್ದೂ 400 ವರ್ಷದ ಮರ ಎನ್ನುವುದು ಹೇಗೆ? ನಮ್ಮ ಮರ ಉಳಿಯುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲರ ಕಣ್ಣೂ ಪೊಟರೆಯ ಮೇಲಿದೆ. ನನಗೆ ಭಯ ಹುಟ್ಟಿಸಿದ್ದು ಬೇರೆ ಎರಡು ಸಂಗತಿ: ಟೈಲ್ಸ್ ಹಾಕಿದ ಕಟ್ಟೆ ಮತ್ತು ಕತ್ತರಿಸಿಹೋಗುತ್ತಿರುವ ಬಿಳಲು. ಆಲದ ಮರ ಮುದಿಯಾದಾಗ ಮೊದಲು ಹೋಗುವುದೇ ತಾಯಿಕಾಂಡ. ಅದು ಹೋಗುವುದರೊಳಗೆ ಬಿಳಲುಗಳು ನೆಲ ಹಿಡಿದಿದ್ದರೆ ಮರ ಉಳಿಯುತ್ತದೆ, ಹಿಡಿಯದಿದ್ದರೆ ಕಾಂಡದ ಜೊತೆಗೇ ಮರವೂ ಹೋಗುತ್ತದೆ. ಕೇತೋಹಳ್ಳಿಯಲ್ಲಿ ನೀವು ನೋಡಿದ್ದು ಮೊದಲನೆಯದನ್ನು. ನಿಮ್ಮೂರಲ್ಲಿ ಈಗ ಆಗುತ್ತಿರುವುದು ಎರಡನೆಯದರ ತಯಾರಿ. ಆದರೂ ಕಾಲ ಮಿಂಚಿಲ್ಲ ಎಂದು ನಿಮ್ಮ ವಿವರಗಳೇ ಹೇಳುತ್ತವೆ.

ಮೊದಲು ವಯಸ್ಸಿನ ಮಾತು ಮುಗಿಸೋಣ. ಆಲದ ಬೀಜ ಸಾಮಾನ್ಯವಾಗಿ ಹಕ್ಕಿಯ ಹಿಕ್ಕೆಯ ಜೊತೆ ಇನ್ನೊಂದು ಮರದ ಕವಲಿನಲ್ಲಿ, ಈಚಲಿನ ತಲೆಯಲ್ಲಿ, ಗೋಡೆಯ ಬಿರುಕಿನಲ್ಲಿ ಬಿದ್ದು ಮೊಳೆಯುತ್ತದೆ. ಬೇರು ಮೇಲಿನಿಂದ ಕೆಳಕ್ಕೆ ಇಳಿದು, ಆಶ್ರಯ ಕೊಟ್ಟ ಮರವನ್ನು ಸುತ್ತಿ, ಒಂದಕ್ಕೊಂದು ಬೆಸೆದುಕೊಂಡು ‘ಕಾಂಡ’ ಆಗುತ್ತದೆ. ಪಕ್ಕದಲ್ಲಿಳಿದ ಬಿಳಲುಗಳೂ ಮುಂದೆ ಅದಕ್ಕೇ ಕೂಡಿಕೊಳ್ಳುತ್ತವೆ. ಹಾಗಾಗಿ ನೀವು ಅಳೆದ 11 ಮೀಟರ್ ಒಂದೇ ಕಾಂಡದ ದಪ್ಪವಲ್ಲ, ಹಲವು ಬೇರುಗಳ ಹೆಣಿಗೆಯ ಸುತ್ತಳತೆ. ತೇಗಕ್ಕೆ ಮಾಡಿದಂತೆ ಇದನ್ನು ಯಾವುದೋ ಅಂಕಿಯಿಂದ ಗುಣಿಸಿ ವಯಸ್ಸು ತೆಗೆಯಲು ಬರುವುದಿಲ್ಲ. ತೇಗದಲ್ಲಿ ಎಣಿಸಬಹುದಾದಂಥ ನಂಬಲರ್ಹ ವಾರ್ಷಿಕ ಉಂಗುರಗಳೂ ಆಲದಲ್ಲಿಲ್ಲ.

ಮರದಲ್ಲಿ ಉಳಿದ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಹೇಳುವ ಇಂಗಾಲ ಪರೀಕ್ಷೆಗೂ ಎರಡು ತೊಡಕು. ಅತ್ಯಂತ ಹಳೆಯ ಮರ ಇರಬೇಕಾದ ನಡುಭಾಗವೇ ಕೊಳೆತು ಪೊಟರೆಯಾಗಿರುತ್ತದೆ. ಮೇಲಾಗಿ ಸುಮಾರು 1650ರಿಂದ 1950ರ ನಡುವಿನ ಅವಧಿಗೆ ಈ ಪರೀಕ್ಷೆ ಒಂದೇ ಉತ್ತರ ಕೊಡುವುದಿಲ್ಲ. ಆ ಕಾಲದಲ್ಲಿ ಗಾಳಿಯಲ್ಲಿದ್ದ ವಿಕಿರಣಶೀಲ ಇಂಗಾಲದ ಪ್ರಮಾಣ ಏರಿಳಿದಿರುವುದರಿಂದ ಒಂದೇ ಚೂರು ಮರಕ್ಕೆ ಎರಡು ಮೂರು ಕಾಲಘಟ್ಟ ಹೊಂದಿಕೊಳ್ಳುತ್ತದೆ. ಆದ್ದರಿಂದ ದೊಡ್ಡ ಆಲದ ಮರದ 400 ವರ್ಷವನ್ನೂ, ತೆಲಂಗಾಣದ ಮೆಹಬೂಬ್‌ನಗರದ ಪಿಲ್ಲಲಮರ್ರಿ ಎಂಬ ಆಲದ 700 ವರ್ಷವನ್ನೂ ಜನ ನಂಬಿಕೊಂಡು ಬಂದ ಅಂದಾಜು ಎಂದೇ ಓದಿಕೊಳ್ಳಿ. ನಿಮ್ಮೂರ ಐನೂರೂ ಅಷ್ಟೆ. ಊರಿಗೆ ನಿಜವಾದ ದಾಖಲೆ ಬೇಕಿದ್ದರೆ ಮರವನ್ನು ಕೊರೆಯುವ ಬದಲು ಕಾಗದ ಹುಡುಕಿ. ದಾನಶಾಸನಗಳು ಜಮೀನಿನ ಎಲ್ಲೆ ಹೇಳುವಾಗ ಆಲ, ಹುಣಸೆ, ಬೇವಿನ ಮರಗಳನ್ನು ಗುರುತಾಗಿ ಹೆಸರಿಸುವುದುಂಟು. ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕ್ಷೆ, ದೇವಸ್ಥಾನದ ಇನಾಂ ಪತ್ರ, ಹಳೆಯ ಮದುವೆ ಫೋಟೊಗಳ ಹಿನ್ನೆಲೆ ಇವೆಲ್ಲ ಕೆಲಸಕ್ಕೆ ಬರುತ್ತವೆ. ‘ಇಂಥ ವರ್ಷದಲ್ಲೇ ಇದು ದೊಡ್ಡ ಮರವಾಗಿತ್ತು’ ಎಂದು ತೋರಿಸಿಕೊಟ್ಟರೆ ಸಾಕು, ಅದು ಐನೂರು ಎನ್ನುವ ಬಾಯಿಮಾತಿಗಿಂತ ಗಟ್ಟಿ.

ಬುಡವಿಲ್ಲದ ಮರ ಅದೇ ಮರವೇ? ಹೌದು. ಕೇತೋಹಳ್ಳಿಯ ಮರ ಹರಡಿರುವುದು ಸುಮಾರು 3 ಎಕರೆ. ಅದರ ಮೂಲ ಕಾಂಡ ಈ ಶತಮಾನದ ಆರಂಭದಲ್ಲಿ ರೋಗ ತಗಲಿ ಹೋಯಿತು. ಆ ಹೊತ್ತಿಗೆ ಪ್ರತಿ ಕೊಂಬೆಗೂ ಅದರದೇ ಬಿಳಲಿನಿಂದ ನೀರು ಬರುತ್ತಿತ್ತು. ಇದಕ್ಕಿಂತ ಚೆನ್ನಾಗಿ ದಾಖಲಾಗಿರುವುದು ಕೋಲ್ಕತ್ತದ ಪಕ್ಕ, ಹೌರಾದ ಶಿಬ್‌ಪುರ ಸಸ್ಯೋದ್ಯಾನದ ಆಲ. 1864 ಮತ್ತು 1867ರ ಚಂಡಮಾರುತಗಳಲ್ಲಿ ಅದರ ದೊಡ್ಡ ಕೊಂಬೆಗಳು ಮುರಿದವು, ಗಾಯದಿಂದ ಶಿಲೀಂಧ್ರ ಒಳಹೊಕ್ಕಿತು. 15 ಮೀಟರಿಗೂ ಮೀರಿ ಸುತ್ತಳತೆಯಿದ್ದ ಆ ತಾಯಿಕಾಂಡವನ್ನು 1925ರಲ್ಲಿ ಕತ್ತರಿಸಿ ತೆಗೆದರು. ಗಮನಿಸಿ, ಗಾಯಕ್ಕೂ ತೆಗೆತಕ್ಕೂ ನಡುವೆ ಅರವತ್ತು ವರ್ಷ. ಆಮೇಲೆ ಮರ ಸೊರಗಲಿಲ್ಲ, ಬೆಳೆಯಿತು. ಸುತ್ತ ಹಾಕಿದ 330 ಮೀಟರ್ ರಸ್ತೆಯನ್ನೂ ದಾಟಿ ಹರಡಿದೆ, ಮೂರು ಸಾವಿರಕ್ಕೂ ಹೆಚ್ಚು ಬಿಳಲುಗಳ ಮೇಲೆ ನಿಂತಿದೆ. ನಿಮ್ಮದು ನಿಂತಿರುವುದು ಐದರ ಮೇಲೆ. ವ್ಯತ್ಯಾಸ ಇರುವುದು ಅಲ್ಲಿ.

ಇನ್ನು ಪೊಟರೆ. ಮರದ ನಡುವಿನ ಭಾಗ ಸತ್ತ ಜೀವಕೋಶಗಳದ್ದು. ನೀರು, ಆಹಾರ ಓಡಾಡುವುದು ಹೊರಗಿನ ಪದರದಲ್ಲಿ. ಟೊಳ್ಳಾದ ಮಾತ್ರಕ್ಕೆ ಮರ ಸಾಯುವುದಿಲ್ಲ. ಪ್ರಶ್ನೆ ಬಲದ್ದು, ಗೋಡೆ ಎಷ್ಟು ದಪ್ಪ ಉಳಿದಿದೆ ಎನ್ನುವುದು. ವೃಕ್ಷತಜ್ಞರು ಬಳಸುವ ಒಂದು ಒರಟು ಲೆಕ್ಕವಿದೆ: ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಶೇ 30ಕ್ಕಿಂತ ಕಡಿಮೆಯಾದರೆ ಎಚ್ಚರ. ನಿಮ್ಮ ಮರದ ಸುತ್ತಳತೆ 11 ಮೀಟರ್ ಅಂದರೆ ವ್ಯಾಸ ಸುಮಾರು 3.5 ಮೀಟರ್, ತ್ರಿಜ್ಯ 1.75. ಗೋಡೆ ಎಲ್ಲ ಕಡೆ ಅರ್ಧ ಮೀಟರಿಗಿಂತ ತುಸು ಹೆಚ್ಚಾದರೂ ಇರಬೇಕು, ಒಳಗಿನ ಟೊಳ್ಳಿನ ಅಗಲ 2.4 ಮೀಟರ್ ಮೀರಬಾರದು. ಮೊದಲು ಟಾರ್ಚ್ ಬಿಟ್ಟು ನೋಡಿ, ಪೊಟರೆ ಹಾವಿಗೂ ಗೂಬೆಗೂ ಮನೆ. ಆಮೇಲೆ ಕೋಲು ಹಾಕಿ ನಾಲ್ಕು ದಿಕ್ಕಿಗೆ ಅಳೆಯಿರಿ. ಒಳಗೋಡೆಗೆ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಇಳಿದಷ್ಟು ಆಳವನ್ನು ಗೋಡೆಯ ಲೆಕ್ಕದಿಂದ ಕಳೆಯಿರಿ. ಹೊರಗಿನಿಂದ ಮರದ ಕೊಡತಿಯಲ್ಲಿ ಬಡಿಯುತ್ತ ಸುತ್ತು ಬನ್ನಿ, ಡಬ್ಬಿಯಂತೆ ಸದ್ದು ಬರುವಲ್ಲಿ ಸುಣ್ಣದ ಗುರುತು ಹಾಕಿ. ಈ ಶೇ 30ರ ಲೆಕ್ಕ ದುಂಡನೆಯ, ಬಾಯಿ ಮುಚ್ಚಿದ ಕಾಂಡಕ್ಕೆ ಹೊಂದುವಂಥದ್ದು. ಆಲದ ಕಾಂಡ ಏಣೇಣಾಗಿರುತ್ತದೆ, ನಿಮ್ಮದರಲ್ಲಿ ಪೊಟರೆಗೆ ಬಾಯಿಯೂ ಇದೆ. ಆದ್ದರಿಂದ ಅಂಕಿ ಗಡಿಯ ಹತ್ತಿರ ಬಂದರೂ ಸಾಕು, ಶಬ್ದತರಂಗದಿಂದ ಒಳಗಿನ ಚಿತ್ರ ತೆಗೆಯುವ ಉಪಕರಣ ಇರುವವರನ್ನು ಕರೆಸಲು ಅರಣ್ಯ ಇಲಾಖೆಗೆ ಬರೆಯಿರಿ.

ಪೊಟರೆಗೆ ಸಿಮೆಂಟ್ ತುಂಬಿಸಲೇಬೇಡಿ. ಒಂದು ಕಾಲದಲ್ಲಿ ಜಗತ್ತಿನ ಎಲ್ಲೆಡೆ ಹಾಗೆ ಮಾಡುತ್ತಿದ್ದರು, ಕೈಬಿಟ್ಟಿದ್ದಾರೆ. ಮರ ನಮ್ಮ ಚರ್ಮದಂತೆ ಗಾಯ ಮಾಯಿಸಿಕೊಳ್ಳುವುದಿಲ್ಲ; ಕೊಳೆತ ಭಾಗದ ಸುತ್ತ ಒಂದು ತಡೆಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ. ಸಿಮೆಂಟ್ ಹಾಕುವ ಮುನ್ನ ‘ಸ್ವಚ್ಛ ಮಾಡುತ್ತೇವೆ’ ಎಂದು ಕೆರೆದಾಗ ಒಡೆಯುವುದು ಆ ತಡೆಗೋಡೆ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ನಡುವೆ ಸೀಳು ಬಿಡುತ್ತದೆ, ಅಲ್ಲಿ ನೀರು ನಿಂತು ಕೊಳೆತ ಜೋರಾಗುತ್ತದೆ. ಮುಂದೆ ಯಾರಾದರೂ ಗೋಡೆಯ ದಪ್ಪ ಅಳೆಯಬೇಕೆಂದರೆ ಅದೂ ಸಾಧ್ಯವಿಲ್ಲ. ಗಾಯಕ್ಕೆ ಡಾಂಬರು, ಪೇಂಟ್ ಬಳಿಯುವುದೂ ಪ್ರಯೋಜನವಿಲ್ಲದ ಕೆಲಸ. ಪೊಟರೆಯನ್ನು ತೆರೆದೇ ಬಿಡಿ, ಮಕ್ಕಳು ನುಗ್ಗದಂತೆ ಬಾಯಿಗೆ ಜಾಲರಿ ಒರಗಿಸಿ, ಮೊಳೆ ಹೊಡೆಯದೆ. ಒಳಗೆ ದೀಪ, ಕರ್ಪೂರ ಹಚ್ಚುವ ರೂಢಿಯಿದ್ದರೆ ದಯವಿಟ್ಟು ಅದನ್ನು ಕಟ್ಟೆಯ ಅಂಚಿಗೆ ತನ್ನಿ. ಒಣಗಿದ ಪೊಟರೆಗೆ ಕಿಡಿ ತಗಲಿದರೆ ಅದು ಒಲೆಯ ಹೊಗೆಕೊಳವೆಯಂತೆ ಎಳೆದುಕೊಂಡು ಉರಿಯುತ್ತದೆ, ಹೊರಗಿನಿಂದ ನೀರು ಹೊಡೆದು ಆರಿಸುವುದು ಬಹಳ ಕಷ್ಟ.

ಗೆದ್ದಲು? ತೊಗಟೆಯ ಮೇಲೆ ಮಣ್ಣು ಮೆತ್ತಿ ಒಳಗೆ ಓಡಾಡುವ ಗೆದ್ದಲು ತಿನ್ನುವುದು ಬಹುಪಾಲು ಸತ್ತ ಹೊರತೊಗಟೆಯನ್ನು. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಕೆಳಗೆ ತೊಗಟೆ ಗಟ್ಟಿಯಿದ್ದು, ಗೀರಿದರೆ ಹಾಲು ಬಂದರೆ ಚಿಂತೆ ಬೇಡ. ಪಿಲ್ಲಲಮರ್ರಿಯ ಕಥೆ ಬೇರೆ. ಅಲ್ಲಿ ಗೆದ್ದಲು ಮರದೊಳಗೆ ಆಳಕ್ಕೆ ಇಳಿದು ಕೊಂಬೆಗಳು ಬಿದ್ದಿದ್ದವು, 2017ರ ಕೊನೆಯಲ್ಲಿ ಪ್ರವಾಸಿಗರನ್ನು ನಿಲ್ಲಿಸಿದರು, 2018ರಲ್ಲಿ ಕ್ಲೋರ್‌ಪೈರಿಫಾಸ್ ಕೀಟನಾಶಕವನ್ನು ತೆಳು ಮಾಡಿ ಸಲೈನ್ ಬಾಟಲಿಗಳಿಂದ ಹನಿಸಿದರು. ಪತ್ರಿಕೆಗಳಲ್ಲಿ ಆ ಚಿತ್ರ ಎಷ್ಟು ಓಡಿತೆಂದರೆ, ಹಳೆಯ ಮರ ಎಂದರೆ ಡ್ರಿಪ್ ಎಂದಾಗಿಬಿಟ್ಟಿದೆ. ಅದು ಗ್ಲೂಕೋಸ್ ಅಲ್ಲ, ವಿಷ. ಅಲ್ಲೂ ಡ್ರಿಪ್ಪಿನ ಜೊತೆಗೆ ಕೊಂಬೆಗಳಿಗೆ ಕಂಬದ ಆಸರೆ ಕೊಟ್ಟರು. ಅದರ ಚಿತ್ರ ಮಾತ್ರ ಅಷ್ಟು ಓಡಲಿಲ್ಲ. ನಿಮ್ಮ ಮರಕ್ಕೆ ರಂಧ್ರ ಕೊರೆದು ವಿಷ ಹಾಕಿದರೆ ಸಿಗುವುದು ಹೊಸ ಗಾಯಗಳು, ಅಂಗನವಾಡಿಯ ಪಕ್ಕದಲ್ಲೊಂದು ಕೀಟನಾಶಕ.

ತಟ್ಟೆಯಂಥ ಅಣಬೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಮೇಲೆ ಕಂದು, ಅಂಚು ಬಿಳಿ, ಸುತ್ತ ಕೋಕೊ ಪುಡಿಯಂಥ ಧೂಳು ಇದ್ದರೆ ಅದು ಗ್ಯಾನೊಡರ್ಮಾ ಎಂಬ ಶಿಲೀಂಧ್ರ ಇರಬಹುದು. ಅದು ಬುಡ ಮತ್ತು ಬೇರಿನ ಮರವನ್ನು ಕೊಳೆಸುತ್ತದೆ. ಕಿತ್ತೆಸೆದರೆ ರೋಗ ಹೋಗುವುದಿಲ್ಲ, ಹೊರಗೆ ಕಂಡದ್ದು ಅದರ ಕಾಯಿ ಮಾತ್ರ. ಅದು ಯಾವ ದಿಕ್ಕಿಗಿದೆ ಬರೆದಿಡಿ. ಎಲೆ ತೆಳುವಾದ ಪೂರ್ವದ ಕಡೆಯೇ ಆಗಿದ್ದರೆ ಆ ಬದಿಯ ಬೇರು ಹೋಗುತ್ತಿದೆ ಎಂದರ್ಥ, ಆ ಬದಿಯ ಕೊಂಬೆಗಳ ಭಾರ ಮೊದಲು ಇಳಿಸಬೇಕು.

ಈಗ ಕಟ್ಟೆ. ಮರಕ್ಕೆ ನೀರು, ಗೊಬ್ಬರ ಎಳೆದುಕೊಡುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅವು ಉಸಿರಾಡಬೇಕು. ಎರಡೂವರೆ ಅಡಿ ಮಣ್ಣು ಹೇರಿ ಮೇಲೆ ಕಾಂಕ್ರೀಟ್ ಮುಚ್ಚಿದರೆ ಗಾಳಿ ಇಳಿಯದು, ಮಳೆನೀರೂ ಇಳಿಯದು. ಬುಡದ ತೊಗಟೆ ಸದಾ ಒದ್ದೆ ಮಣ್ಣಿನಲ್ಲಿ ಹೂತು ಮೆತ್ತಗಾಗುತ್ತದೆ, ಅಣಬೆಗೆ ಬಾಗಿಲು ತೆರೆದಂತೆ. ದೊಡ್ಡ ಮರದಲ್ಲಿ ಇದರ ಫಲ ಕಾಣಲು ಎರಡರಿಂದ ಐದು ವರ್ಷ ಹಿಡಿಯುತ್ತದೆ, ಅದಕ್ಕೇ ಯಾರೂ ಕಟ್ಟೆಯನ್ನು ದೂರುವುದಿಲ್ಲ. ಮೂರು ವರ್ಷದ ಹಿಂದೆ ಕಟ್ಟೆ, ಕಳೆದ ವರ್ಷ ಎಲೆ ತೆಳು: ನಿಮ್ಮ ಪತ್ರದಲ್ಲೇ ಲೆಕ್ಕ ಕೂಡಿದೆ. ನಮ್ಮ ಹಿಂದಿನವರ ಕಲ್ಲುಕಟ್ಟೆಗೆ ಗಾರೆ ಇರಲಿಲ್ಲ, ಸಂದಿಯಲ್ಲಿ ನೀರೂ ಗಾಳಿಯೂ ಓಡಾಡುತ್ತಿದ್ದವು. ತಿಳಿದು ಮಾಡಿದರೋ ದುಡ್ಡಿಲ್ಲದೆ ಮಾಡಿದರೋ, ಮರಕ್ಕಂತೂ ಒಳ್ಳೆಯದಾಗಿತ್ತು.

ಟೈಲ್ಸ್, ಮಣ್ಣು ತೆಗೆಯುವುದನ್ನು ಮುಂಗಾರು ಹಿಡಿದ ಮೇಲೆ, ಮೋಡದ ದಿನಗಳಲ್ಲಿ ಮಾಡಿ. ಬೇಸಿಗೆಯಲ್ಲಿ ತೆರೆದರೆ ಸಣ್ಣ ಬೇರು ಒಂದೇ ಮಧ್ಯಾಹ್ನದಲ್ಲಿ ಒಣಗುತ್ತದೆ. ಜೆಸಿಬಿ ಹತ್ತಿರ ಬರಕೂಡದು, ಉಳಿ ಸುತ್ತಿಗೆಯ ಕೆಲಸವೇ ಆಗಬೇಕು. ಮೊದಲ ವರ್ಷ ಟೈಲ್ಸ್, ಕಾಂಕ್ರೀಟ್ ಪೂರ್ತಿ ತೆಗೆಯಿರಿ. ತುಂಬಿದ ಮಣ್ಣನ್ನು ಕಾಂಡದ ಸುತ್ತ ಎರಡು ಅಡಿ ಅಗಲದ ಉಂಗುರದಲ್ಲಿ ಮಾತ್ರ, ಬುಡ ಅಗಲವಾಗಿ ಬೇರಾಗುವ ಜಾಗ ಕಾಣುವವರೆಗೆ ಕೈಯಿಂದ ಕೆದಕಿ ತೆಗೆಯಿರಿ. ಉಳಿದ ಮಣ್ಣನ್ನು ಎರಡನೆಯ ವರ್ಷ ಸ್ವಲ್ಪ ಸ್ವಲ್ಪವಾಗಿ. ಮೂರು ವರ್ಷದಲ್ಲಿ ಹೊಸ ಬೇರು ಅದರೊಳಗೆ ಹತ್ತಿರುತ್ತದೆ, ಒಮ್ಮೆಲೆ ಬಾಚಿದರೆ ಅವೂ ಹೋಗುತ್ತವೆ. ತೆರೆದ ಬೇರಿಗೆ ಅಂದೇ ಒದ್ದೆ ಗೋಣಿಚೀಲ ಹೊದಿಸಿ, ಮೇಲೆ ನಾಲ್ಕು ಇಂಚು ಒಣ ಎಲೆಯ ಹೊದಿಕೆ. ಹೊದಿಕೆ ಕಾಂಡಕ್ಕೆ ತಾಗದಂತೆ ಒಂದಡಿ ಬಿಡಿ. ಜನ ಕೂರಲು ಜಾಗ ಬೇಕೇ ಬೇಕು, ಅದನ್ನು ಕಿತ್ತುಕೊಂಡರೆ ಊರು ಮರದ ವಿರುದ್ಧ ತಿರುಗುತ್ತದೆ. ಕಟ್ಟೆಯ ಹೊರಗೋಡೆ ಇರಲಿ, ಬುಡದಲ್ಲಿ ಅಲ್ಲಲ್ಲಿ ನೀರು ಹೋಗಲು ತೂತು ಮಾಡಿ; ಅಂಚಿನಲ್ಲಿ ಮರಳಿನ ಮೇಲೆ ಗಾರೆಯಿಲ್ಲದೆ ಕಲ್ಲು ಚಪ್ಪಡಿ ಜೋಡಿಸಿ, ನಡುವೆ ಒಂದು ಇಂಚು ಸಂದಿ ಬಿಡಿ.

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರು, ಕಾಂಡದ ಬುಡಕ್ಕಲ್ಲ, ಮಧ್ಯಾಹ್ನದ ನೆರಳಿನ ಅಂಚಿಗೆ. ಚದರ ಮೀಟರಿಗೆ ಸುಮಾರು 50 ಲೀಟರ್ ಬಿದ್ದರೆ ಒಂದೂವರೆ ಅಡಿ ಇಳಿಯುತ್ತದೆ. 4,000 ಲೀಟರಿನ ಟ್ಯಾಂಕರಿಗೆ 80 ಚದರ ಮೀಟರ್. ಪೂರ್ವದ ಬದಿಗೆ ಮೊದಲು ಕೊಡಿ. ಯೂರಿಯಾ ಬೇಡ, ಬೇರಿಲ್ಲದ ಮರಕ್ಕೆ ಎಲೆಯ ಭಾರ ಹೆಚ್ಚಿಸಿದಂತಾಗುತ್ತದೆ.

ಬಿಳಲಿಳಿಸುವುದು ಇದೆಲ್ಲಕ್ಕಿಂತ ಮುಖ್ಯ. ಬಯಲುಸೀಮೆಯ ಒಣಗಾಳಿಗೆ ಬಿಳಲಿನ ತುದಿ ಸುಟ್ಟುಹೋಗುತ್ತದೆ. ಉಳಿದವನ್ನು ದನ ಮೇಯುತ್ತದೆ, ಮಕ್ಕಳು ಜೋತಾಡುತ್ತಾರೆ, ಹಲ್ಲುಜ್ಜಲು ಮುರಿಯುತ್ತಾರೆ. ಅಡ್ಡ ಚಾಚಿದ ದೊಡ್ಡ ಕೊಂಬೆಗಳಲ್ಲಿ, ಕಾಂಡದಿಂದ ತುದಿಯವರೆಗಿನ ದೂರದ ಮೂರರಲ್ಲಿ ಎರಡು ಪಾಲಿನಷ್ಟು ಆಚೆ ಇರುವ, ಬಸ್ಸಿನ ದಾರಿಗೆ ಬಾರದ ಆರೇಳು ಎಳೆ ಬಿಳಲು ಆರಿಸಿ. ಮೂರು ನಾಲ್ಕು ಇಂಚು ದಪ್ಪದ ಬಿದಿರನ್ನು ಉದ್ದಕ್ಕೆ ಸೀಳಿ, ಒಳಗಿನ ಗೆಣ್ಣುಗಳನ್ನು ತೆಗೆದು, ಬಿಳಲನ್ನು ನಡುವೆ ಬಿಟ್ಟು ಎರಡು ಹೋಳನ್ನೂ ತೆಂಗಿನ ಹಗ್ಗದಿಂದ ಕಟ್ಟಿ. ಒಳಗೆ ತೆಂಗಿನ ನಾರಿನ ಪುಡಿ, ಕೊಳೆತ ಗೊಬ್ಬರ, ಕೆಮ್ಮಣ್ಣು ಸಮಪಾಲು. ತುದಿ ಬೆಳೆದಂತೆ ಕೆಳಗೆ ಇನ್ನೊಂದು ಬಿದಿರು ಜೋಡಿಸಿ. ನೆಲದಲ್ಲಿ ಎರಡಡಿ ಘನದ ಗುಂಡಿ ತೆಗೆದು ಅದೇ ಮಿಶ್ರಣ ತುಂಬಿ, ಬಿದಿರಿನ ಬುಡ ಅದರಲ್ಲಿ ನಾಲ್ಕು ಇಂಚು ಹೂತಿರಲಿ. ಮಳೆಯಿಲ್ಲದಾಗ ಮೇಲಿನಿಂದ ದಿನಕ್ಕೊಂದು ಚೊಂಬು ನೀರು. ಪಿವಿಸಿ ಪೈಪ್ ಹಾಕುವುದಾದರೆ ಅದನ್ನೂ ಸೀಳಿಯೇ ಹಾಕಿ. ಇಡೀ ಪೈಪ್ ಬಿಟ್ಟು ಮರೆತರೆ ದಪ್ಪಗಾದ ಬಿಳಲಿಗೆ ಅದೇ ಉರುಳು. ಸುತ್ತ ಮುಳ್ಳುಬೇಲಿ. ವಟಸಾವಿತ್ರಿಗೆ ಸುತ್ತುವ ಹತ್ತಿಯ ನೂಲು ತಾನೇ ಕೊಳೆತು ಬೀಳುತ್ತದೆ, ತೊಂದರೆಯಿಲ್ಲ. ಈಚೆಗೆ ಬರುವ ನೈಲಾನ್ ದಾರ ಎಳೆ ಬಿಳಲನ್ನು ಕೊಯ್ದುಹಾಕುತ್ತದೆ, ಹಬ್ಬದ ಮರುದಿನ ಬಿಚ್ಚಿಸಿ.

ಬಿಳಲು ನೆಲ ಹಿಡಿದ ಮೇಲೆ ಬಿಗಿಯಾಗಿ ಎಳೆದು ನಿಲ್ಲುತ್ತದೆ, ಆಮೇಲೆ ದಪ್ಪಗಾಗತೊಡಗುತ್ತದೆ. ಭಾರ ಹೊರಲು ಹತ್ತು ವರ್ಷವಾದರೂ ಬೇಕೆಂದು ಇಟ್ಟುಕೊಳ್ಳಿ. ಅಲ್ಲಿಯವರೆಗೆ ಉದ್ದದ ಕೊಂಬೆಗಳಿಗೆ ಕಲ್ಲಿನ ಅಥವಾ ಕಬ್ಬಿಣದ ಕಂಬದ ಆಸರೆ, ಕೊಂಬೆ ಕೂರುವಲ್ಲಿ ದಪ್ಪ ರಬ್ಬರ್ ಹಾಸು. ಕಂಬದ ಗುಂಡಿ ಕೈಯಿಂದ ತೋಡಿ, ಎರಡು ಇಂಚಿಗಿಂತ ದಪ್ಪದ ಬೇರು ಸಿಕ್ಕರೆ ಗುಂಡಿಯನ್ನೇ ಸರಿಸಿ. ಕೊಂಬೆಗೆ ತಂತಿ ಬಿಗಿಯಬೇಡಿ.

ಪಂಚಾಯಿತಿಯ ಮುಂದಿರುವ ಆಯ್ಕೆಗಳ ಬಗ್ಗೆ ನೇರವಾಗಿ ಹೇಳುತ್ತೇನೆ. ಏನೂ ಮಾಡದೆ ಬಿಡುವುದು ಎಲ್ಲಕ್ಕಿಂತ ಅಪಾಯ, ಕೆಳಗೆ ಜನ ನಿಲ್ಲುವುದರಿಂದ. ಪೂರ್ತಿ ಕಡಿಯಲು ಈಗ ಕಾರಣವಿಲ್ಲ. ‘ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976’ರಡಿ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತೆಯೂ ಇಲ್ಲ. ಕೊಂಬೆ ತೆಗೆಸುವುದಕ್ಕೂ ಅವರಿಗೆ ಬರೆದೇ ಮುಂದುವರಿಯಿರಿ. ತಾಯಿಕಾಂಡ ಮಾತ್ರ ತೆಗೆಯುವ ಕೋಲ್ಕತ್ತದ ದಾರಿ, ಐದು ಬಿಳಲಿನ ಮರಕ್ಕೆ ಆತ್ಮಹತ್ಯೆ. ಉಳಿದದ್ದು ಭಾರ ಇಳಿಸುವುದು: ಉದ್ದ ಚಾಚಿದ ಕೊಂಬೆಗಳ ತುದಿಯಿಂದ ಹಿಂದಕ್ಕೆ, ಪಕ್ಕದ ಕವಲಿನವರೆಗೆ ಕತ್ತರಿಸಿ, ವರ್ಷಕ್ಕೆ ಒಟ್ಟು ಎಲೆಯ ಐದನೇ ಒಂದು ಪಾಲಿಗಿಂತ ಹೆಚ್ಚು ಹೋಗದಂತೆ. ದಪ್ಪ ಕೊಂಬೆಯನ್ನು ಮೊದಲು ಕೆಳಗಿನಿಂದ ಕಾಲುಭಾಗ, ಆಮೇಲೆ ತುಸು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬು ಉಳಿಸಿ ಕತ್ತರಿಸಬೇಕು. ಒಂದೇ ಏಟಿಗೆ ಕಡಿದರೆ ತೊಗಟೆ ಕಾಂಡದವರೆಗೆ ಸುಲಿದುಕೊಂಡು ಬೀಳುತ್ತದೆ. ಹೆಜ್ಜೇನು ಕಟ್ಟಿದ್ದರೆ ಅದು ಎದ್ದುಹೋಗುವವರೆಗೆ ಕಾಯಿರಿ. ತಲೆಯೆಲ್ಲ ಬೋಳಿಸಿ ಮೋಟು ನಿಲ್ಲಿಸುವವರನ್ನು ಕರೆಯಬೇಡಿ, ಆ ಗಾಯಗಳಿಂದ ಇಪ್ಪತ್ತು ಹೊಸ ಪೊಟರೆ ಶುರುವಾಗುತ್ತವೆ.

ಎಲ್ಲಕ್ಕಿಂತ ಮೊದಲು, ಈ ವಾರವೇ, ಬಸ್ ನಿಲ್ಲುವ ಜಾಗವನ್ನು ಪೂರ್ವದ ಕೊಂಬೆಗಳ ಹರವಿನಿಂದ ಆಚೆಗೆ ಸರಿಸಿ, ಮಕ್ಕಳ ಆಟವನ್ನೂ ಸರಿಸಿ. ಖರ್ಚಿಲ್ಲದ ಕೆಲಸ, ಅಪಾಯದ ಬಹುಪಾಲು ಅಷ್ಟರಲ್ಲೇ ಇಳಿಯುತ್ತದೆ. ಹಾಗೆಯೇ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಮರವನ್ನು ಅಳತೆ, ಫೋಟೊ ಸಮೇತ ಬರೆಸಿ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ 54 ಎಕರೆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು 2002ರ ಜೀವವೈವಿಧ್ಯ ಕಾಯ್ದೆಯಡಿ. ಒಂಟಿ ಮರಕ್ಕೆ ಆ ಪಟ್ಟ ಸಿಗದಿದ್ದರೂ, ಬರಹದಲ್ಲಿರುವ ಮರಕ್ಕೆ ಕೊಡಲಿ ಹಾಕುವ ಮುನ್ನ ನಾಲ್ಕು ಜನ ಯೋಚಿಸುತ್ತಾರೆ.

ಒಂದು ವಿಮೆ ಮಾಡಿಟ್ಟುಕೊಳ್ಳಿ. ಭಾರ ಇಳಿಸುವಾಗ ಬೀಳುವ ಕೊಂಬೆಗಳಲ್ಲಿ ಮೂರು ನಾಲ್ಕು ಇಂಚು ದಪ್ಪ, ಏಳೆಂಟು ಅಡಿ ಉದ್ದದ ನೇರ ಗೂಟ ನಾಲ್ಕೈದು ಆರಿಸಿ. ಒಂದು ದಿನ ನೆರಳಲ್ಲಿಟ್ಟು ಹಾಲು ಆರಲು ಬಿಡಿ. ಮೇಲ್ತುದಿಗೆ ಸಗಣಿ ಮೆತ್ತಿ, ಬುಡ ಎರಡಡಿ ಆಳಕ್ಕಿಳಿಸಿ, ಊರಾಚೆ ಮಳೆಗಾಲದ ಆರಂಭದಲ್ಲಿ ನೆಡಿ. ಹತ್ತಿದ್ದು ಬೀಜದ ಸಸಿಯಂತೆ ಬೇರೆ ಮರವಲ್ಲ, ಇದೇ ಮರ.

ಇನ್ನು ಮುಂದೆ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಯಾರಾದರೂ ಸುತ್ತು ಹಾಕಲಿ. ಮರ ಒಂದು ಕಡೆಗೆ ಹೊಸದಾಗಿ ವಾಲಿದರೆ, ವಾಲಿದ್ದಕ್ಕೆ ಎದುರು ಬದಿಯ ನೆಲದಲ್ಲಿ ಬಿರುಕು ಬಿಟ್ಟರೆ ಅಥವಾ ಮಣ್ಣು ಉಬ್ಬಿದರೆ, ಪೊಟರೆಯ ಬಾಯಿಯ ಸೀಳು ಹಿಂದಿನ ತಿಂಗಳ ಸುಣ್ಣದ ಗುರುತು ದಾಟಿದರೆ, ಗಾಳಿಯಿಲ್ಲದಾಗಲೂ ಒಳಗಿನಿಂದ ಲಟಲಟ ಸದ್ದು ಕೇಳಿದರೆ, ಯಾರ ಅಪ್ಪಣೆಗೂ ಕಾಯದೆ ಅಂದೇ ಹಗ್ಗ ಕಟ್ಟಿ ದಾರಿ ಮುಚ್ಚಿಸಿ, ಆಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿ.